ಮೀನಿಲ್ಲದ ತೊಟ್ಟಿಯ ಲೆಕ್ಕಾಚಾರ

ಮಹಾನಗರದ ಮನೆಗಳಿಗೆ ಅಂಗಳವಿಲ್ಲ, ಹಿತ್ತಲಿಲ್ಲ, ಬಾವಿಯಂತೂ ಇಲ್ಲವೇ ಇಲ್ಲ. ಊರಿನ ಕೆರೆಯ ಮೆಟ್ಟಿಲ ಮೇಲೆ ಕುಳಿತು ಮೀನುಗಳ ಆಟವನ್ನು ನೋಡಿ ಬೆಳೆದವರು, ಇಲ್ಲಿ ಎರಡು ಕೋಣೆಗಳ ಮನೆಯ ಮೂಲೆಯಲ್ಲಿ ಗಾಜಿನ ತೊಟ್ಟಿಯೊಂದನ್ನಿರಿಸಿ ಆ ಸಂತೋಷವನ್ನು ಮಕ್ಕಳಿಗೂ ಉಣಿಸಲು ಬಯಸುವುದು ಸಹಜವೇ ಆಗಿದೆ. ಆದರೆ ತೊಟ್ಟಿ ಬಂದ ಹದಿನೈದು ದಿನಗಳೊಳಗೆ ಮೀನುಗಳು ಒಂದೊಂದಾಗಿ ಸತ್ತು ತೇಲುವುದೂ, ಮಕ್ಕಳು ಅಳುವುದೂ, ಕಡೆಗೆ ಬರಿದಾದ ತೊಟ್ಟಿ ಅಟ್ಟವನ್ನು ಸೇರುವುದೂ ಅಷ್ಟೇ ಸಾಮಾನ್ಯವಾದ ಸಂಗತಿ. ಇದಕ್ಕಾಗಿ ಅಂಗಡಿಯವನನ್ನೋ ಮೀನಿನ ಆಯುಷ್ಯವನ್ನೋ ದೂರುವುದು ವಾಡಿಕೆ. ತಪ್ಪು ಬಹುಮಟ್ಟಿಗೆ ನೀರಿನಲ್ಲಿರುತ್ತದೆ.

ಮೀನು ಬಿಡುವ ಮೊದಲೇ ನೀರನ್ನು ವಾಸಯೋಗ್ಯವಾಗಿ ಸಿದ್ಧಪಡಿಸಿಕೊಳ್ಳುವ ಕ್ರಮವೊಂದಿದೆ. ಇದನ್ನು ಮೀನಿಲ್ಲದ ಸಾರಜನಕ ಚಕ್ರವೆನ್ನುತ್ತಾರೆ. ಈ ಕ್ರಮವನ್ನು ಅರಿತು ಆರಂಭಿಸಿದವರೂ ಮೂರನೆಯ ವಾರದ ಸುಮಾರಿಗೆ ಚಕ್ರ ನಿಂತುಹೋಯಿತೆಂದು ಕೈಚೆಲ್ಲುವುದುಂಟು. ನಿಂತ ಚಕ್ರವನ್ನು ಮತ್ತೆ ನಡೆಸುವುದು ಹೇಗೆ, ಆಗ ಏನನ್ನು ಮಾಡಲೇಬಾರದು ಎಂಬುದನ್ನು ವಿಚಾರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಹೆಪ್ಪು ಹಾಕುವ ಕೆಲಸ

ಮೀನು ತಾನು ವಾಸಿಸುವ ನೀರಿಗೇ, ಮುಖ್ಯವಾಗಿ ಕಿವಿರುಗಳ ಮೂಲಕ, ಅಮೋನಿಯವನ್ನು ವಿಸರ್ಜಿಸುತ್ತದೆ. ಕೆರೆಯಲ್ಲಿ ಅದು ಅಗಾಧ ಜಲರಾಶಿಯಲ್ಲಿ ಕರಗಿಹೋಗುತ್ತದೆ. ಅರವತ್ತು ಲೀಟರಿನ ತೊಟ್ಟಿಯಲ್ಲಿ ವಿಷವಾಗಿ ನಿಲ್ಲುತ್ತದೆ. ಈ ವಿಷವನ್ನು ಕಳೆಯುವ ಸೂಕ್ಷ್ಮಜೀವಿಗಳಿವೆ. ಒಂದು ಗುಂಪು ಅಮೋನಿಯವನ್ನು ನೈಟ್ರೈಟನ್ನಾಗಿಯೂ, ಇನ್ನೊಂದು ಗುಂಪು ನೈಟ್ರೈಟನ್ನು ನೈಟ್ರೇಟನ್ನಾಗಿಯೂ ಮಾರ್ಪಡಿಸುತ್ತವೆ. ನೈಟ್ರೈಟೂ ವಿಷವೇ, ನೈಟ್ರೇಟು ಮಾತ್ರ ಸೌಮ್ಯವಾದುದು, ಆಗಾಗ ನೀರು ಬದಲಿಸಿ ಅದನ್ನು ಹೊರಹಾಕಬಹುದು. ಇದು ಸೂಕ್ಷ್ಮಜೀವಿಗಳ ಕಾರ್ಯವೆಂಬುದನ್ನು ರಷ್ಯದ ವಿಜ್ಞಾನಿ ಸೆರ್ಗೇಯ್ ವಿನೊಗ್ರಾಡ್‌ಸ್ಕಿ 1890ರ ಸುಮಾರಿಗೆ ಸ್ಪಷ್ಟಪಡಿಸಿದರು. ಎರಡನೆಯ ಹಂತದ ಕೆಲಸ ನೈಟ್ರೊಬ್ಯಾಕ್ಟರ್ ಎಂಬ ಜೀವಿಯದೆಂದು ಬಹುಕಾಲ ನಂಬಲಾಗಿತ್ತು. ಸಿಹಿನೀರಿನ ತೊಟ್ಟಿಗಳಲ್ಲಿ ಆ ಕೆಲಸ ಮಾಡುವುದು ನೈಟ್ರೊಸ್ಪೈರ ಎಂಬುದು 1998ರಲ್ಲಿ ತಿಳಿದುಬಂದಿತು. ಎರಡೂ ಹಂತಗಳನ್ನು ತಾನೊಂದೇ ಪೂರೈಸಬಲ್ಲ ನೈಟ್ರೊಸ್ಪೈರಗಳೂ ಇವೆಯೆಂದು 2015ರಲ್ಲಿ ಗೊತ್ತಾಯಿತು.

ಈ ಜೀವಿಗಳು ತೇಲುವುದಕ್ಕಿಂತ ಹೆಚ್ಚಾಗಿ ಫಿಲ್ಟರಿನ ಸ್ಪಂಜು, ಜಲ್ಲಿ, ಗಾಜು ಮುಂತಾದುವುಗಳ ಮೇಲ್ಮೈಗೆ ಅಂಟಿಕೊಂಡು ಬಾಳುತ್ತವೆ. ಅನುಕೂಲವಿದ್ದಾಗ ಸಾಮಾನ್ಯ ಬ್ಯಾಕ್ಟೀರಿಯ ಅರ್ಧ ಗಂಟೆಯೊಳಗೆ ಇಮ್ಮಡಿಯಾದರೆ, ಇವು ಇಮ್ಮಡಿಯಾಗಲು ಅರ್ಧ ದಿನದಿಂದ ಒಂದೆರಡು ದಿನಗಳು ಬೇಕು. ಆದುದರಿಂದಲೇ ಚಕ್ರ ಪೂರ್ಣವಾಗಲು ನಾಲ್ಕರಿಂದ ಆರು ವಾರಗಳು ಹಿಡಿಯುತ್ತವೆ. ನಮ್ಮ ಗೃಹಿಣಿಯರಿಗೆ ಇದರ ಮರ್ಮವನ್ನು ವಿವರಿಸಬೇಕಾಗಿಲ್ಲ. ಹಾಲು ಮೊಸರಾಗಲು ಹೆಪ್ಪು ಬೇಕು, ಹದವಾದ ಬಿಸಿ ಬೇಕು, ಕಾಲ ಬೇಕು. ಹಾಲು ಕುದಿಯುತ್ತಿದ್ದರೆ ಹೆಪ್ಪು ಸಾಯುತ್ತದೆ. ದೆಹಲಿಯ ಪೌಷಮಾಸದ ಚಳಿಯಲ್ಲಿ ಹೆಪ್ಪು ಹಿಡಿಯುವುದೇ ಇಲ್ಲ. ತೊಟ್ಟಿಯ ನೀರಿನದೂ ಇದೇ ಕಥೆ.

ಮೀನಿಲ್ಲದ ಕ್ರಮದಲ್ಲಿ ಮೀನಿನ ಬದಲು ಮನುಷ್ಯನೇ ಅಮೋನಿಯವನ್ನು ಒದಗಿಸುತ್ತಾನೆ. ಅರವತ್ತು ಲೀಟರು ನೀರಿಗೆ ಸುಮಾರು 0.38 ಗ್ರಾಂ ಶುದ್ಧ ಅಮೋನಿಯಂ ಕ್ಲೋರೈಡು ಹಾಕಿದರೆ ಲೀಟರಿಗೆ 2 ಮಿಲಿಗ್ರಾಂ ಅಮೋನಿಯವಾಗುತ್ತದೆ. ಅದು ಕರಗಿಹೋದಾಗ ಮತ್ತೊಂದು ಕಂತು. ಒಂದು ಕಂತು ಹಾಕಿದ 24 ಗಂಟೆಗಳಲ್ಲಿ ಅಮೋನಿಯ, ನೈಟ್ರೈಟು ಎರಡೂ ಸೊನ್ನೆಗಿಳಿದರೆ ಚಕ್ರ ಪೂರ್ಣವಾಯಿತೆಂದು ತಿಳಿಯಬೇಕು.

ಎಲ್ಲಿ ತಪ್ಪಿತು ತಾಳೆ?

ಮುಂಬಯಿಯ ಉಪನಗರದ ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ಮೊದಲ ಹತ್ತು ದಿನ ಏನೂ ನಡೆಯಲಿಲ್ಲ. ಬಳಿಕ ಅಮೋನಿಯ ಇಳಿಯಿತು, ನೈಟ್ರೈಟು ಏರಿತು. ಮನೆಯಲ್ಲಿ ಸಂಭ್ರಮ. ಮೂರು ಕಂತುಗಳು ಸಲೀಸಾಗಿ ಕರಗಿದುವು. ನಾಲ್ಕನೆಯ ಕಂತು ಮಾತ್ರ ವಾರ ಕಳೆದರೂ ಹಾಗೆಯೇ ಉಳಿಯಿತು. ನೈಟ್ರೈಟಿನ ಪರೀಕ್ಷೆಯಲ್ಲಿ ಅದೇ ಗಾಢ ನೇರಳೆ ಬಣ್ಣ. "ಅಪ್ಪಾ, ಮೀನು ಯಾವಾಗ ತರೋದು?" ಎಂಬ ಪ್ರಶ್ನೆ ದಿನವೂ ತಪ್ಪಲಿಲ್ಲ. ಯಜಮಾನರು ಗಾಬರಿಯಿಂದ ಇನ್ನಷ್ಟು ಅಮೋನಿಯ ಹಾಕಿದರು, ಬ್ಯಾಕ್ಟೀರಿಯದ ಸೀಸೆಯೊಂದನ್ನು ತಂದು ಸುರಿದರು, ಕೊಳೆಯಾಗಿರಬಹುದೆಂದು ಫಿಲ್ಟರಿನ ಸ್ಪಂಜನ್ನು ನಲ್ಲಿಯ ಕೆಳಗೆ ಉಜ್ಜಿ ತೊಳೆದರು. ಕಡೆಗೆ, ಎರಡು ಅಗ್ಗದ ಮೀನು ಬಿಟ್ಟು ನೋಡಿ ಎಂಬ ಸಲಹೆ ಅಂಗಡಿಯಿಂದ ಬಂದಿತು.

ಇಲ್ಲಿ ಯಾವ ಪವಾಡವೂ ನಡೆದಿಲ್ಲ. ಜಮಾ-ಖರ್ಚು ತಾಳೆಯಾಗಿಲ್ಲ, ಅಷ್ಟೆ. ಸೂಕ್ಷ್ಮಜೀವಿಗಳು ಅಮೋನಿಯವನ್ನು ಮಾರ್ಪಡಿಸುವಾಗ ಆಮ್ಲ ಉತ್ಪನ್ನವಾಗುತ್ತದೆ. ಆ ಆಮ್ಲವನ್ನು ನೀರಿನಲ್ಲಿರುವ ಬೈಕಾರ್ಬನೇಟು, ಅಂದರೆ ಕ್ಷಾರೀಯತೆ, ನುಂಗಿಕೊಳ್ಳುತ್ತದೆ. ಮೇಲೆ ಹೇಳಿದ ಅಮೋನಿಯಂ ಕ್ಲೋರೈಡಿನ ಒಂದೊಂದು ಕಂತಿಗೂ ಲೀಟರಿಗೆ ಸುಮಾರು 12 ಮಿಲಿಗ್ರಾಂ ಕ್ಷಾರೀಯತೆ ಖರ್ಚಾಗುತ್ತದೆ. ತಾನ್ಸಾ, ವೈತರಣಾ, ಭಾತ್ಸಾ ಮೊದಲಾದ ಜಲಾಶಯಗಳಿಂದ ಮುಂಬಯಿಗೆ ಬರುವ ಮಳೆಯ ನೀರು ಸಾಮಾನ್ಯವಾಗಿ ಮೃದುವಾದುದು. ಈ ಮನೆಯ ನೀರಿನಲ್ಲಿ ಲೀಟರಿಗೆ 40 ಮಿಲಿಗ್ರಾಂ ಕ್ಷಾರೀಯತೆಯಿದ್ದಿತೆಂದು ಇಟ್ಟುಕೊಂಡರೆ, ಮೂರು ಕಂತುಗಳಿಗೇ 36 ವೆಚ್ಚವಾಯಿತು. ನಾಲ್ಕನೆಯ ಕಂತಿನ ವೇಳೆಗೆ ಠೇವಣಿ ಬರಿದು. ಪಿಎಚ್ 7.4ರಿಂದ 6ಕ್ಕೆ ಕುಸಿಯಿತು. ಅದು 6.5ಕ್ಕಿಂತ ಇಳಿದಂತೆ ಈ ಜೀವಿಗಳ ಕೆಲಸ ಮಂದವಾಗಿ, 6ರ ಸುಮಾರಿಗೆ ಬಹುತೇಕ ನಿಂತುಬಿಡುತ್ತದೆ. ಅವು ಸತ್ತಿಲ್ಲ, ಸುಮ್ಮನೆ ಕುಳಿತಿವೆ.

ಪರಿಹಾರ ಅಡುಗೆಮನೆಯಲ್ಲಿಯೇ ಇದೆ. ಅರವತ್ತು ಲೀಟರಿಗೆ ಒಂದು ಗ್ರಾಂ ಅಡುಗೆ ಸೋಡ ಹಾಕಿದರೆ ಕ್ಷಾರೀಯತೆ ಲೀಟರಿಗೆ ಸುಮಾರು 10 ಮಿಲಿಗ್ರಾಂ ಏರುತ್ತದೆ. ಅರ್ಧದಷ್ಟು ನೀರನ್ನು ಬದಲಿಸಿ, ನಾಲ್ಕೈದು ಗ್ರಾಂ ಸೋಡವನ್ನು ಕರಗಿಸಿ ಸೇರಿಸಿದರೆ ಚಕ್ರ ಮತ್ತೆ ತಿರುಗತೊಡಗುತ್ತದೆ. ನೀರು ಬದಲಿಸಿದರೆ ಸೂಕ್ಷ್ಮಜೀವಿಗಳು ನಷ್ಟವಾಗುತ್ತವೆಂಬ ಭಯ ನಿರಾಧಾರವಾದುದು. ಅವುಗಳ ಬಹುಪಾಲು ಸ್ಪಂಜಿನಲ್ಲಿದೆ. ಕುಡಿಯುವ ನೀರಿನ ಆರ್‌ಒ ಯಂತ್ರದ ನೀರೇ ಶ್ರೇಷ್ಠವೆಂದು ತೊಟ್ಟಿಗೆ ತುಂಬುವವರು ತಮ್ಮ ಕೈಯಾರೆ ಈ ತೊಂದರೆಯನ್ನು ಬರಮಾಡಿಕೊಳ್ಳುತ್ತಾರೆ, ಏಕೆಂದರೆ ಆ ಯಂತ್ರ ಕ್ಷಾರೀಯತೆಯ ಬಹುಭಾಗವನ್ನು ತೆಗೆದುಹಾಕಿರುತ್ತದೆ. ಕೊಳವೆಬಾವಿಯ ಗಡಸು ನೀರನ್ನು ಬಳಸುವ ಚೆನ್ನೈ, ಹೈದರಾಬಾದುಗಳ ಬಡಾವಣೆಗಳಲ್ಲಿ ಈ ಕೊರತೆ ಅಪರೂಪ.

ನೇರಳೆ ಬಣ್ಣದ ವಿಚಾರವೂ ಲೆಕ್ಕದ್ದೇ. ಒಂದು ಮಿಲಿಗ್ರಾಂ ಅಮೋನಿಯ 2.7 ಮಿಲಿಗ್ರಾಂ ನೈಟ್ರೈಟಾಗುತ್ತದೆ. ಮೂರು ಕಂತುಗಳ 6 ಮಿಲಿಗ್ರಾಂ ಅಮೋನಿಯ 16 ಮಿಲಿಗ್ರಾಂ ನೈಟ್ರೈಟಾಗಬಲ್ಲುದು. ಮನೆಬಳಕೆಯ ಪರೀಕ್ಷಾ ಸಾಮಗ್ರಿಯ ಬಣ್ಣದ ಪಟ್ಟಿ ಹೆಚ್ಚಾಗಿ 5ರ ಆಸುಪಾಸಿನಲ್ಲೇ ಮುಗಿಯುತ್ತದೆ. ನೈಟ್ರೈಟು 16ರಿಂದ 8ಕ್ಕೆ ಇಳಿದರೂ ಬಣ್ಣ ಅದೇ! ಒಂದು ಪಾಲು ತೊಟ್ಟಿಯ ನೀರಿಗೆ ಒಂಬತ್ತು ಪಾಲು ಬಟ್ಟಿ ಇಳಿಸಿದ ನೀರು ಬೆರೆಸಿ ಪರೀಕ್ಷಿಸಿ, ಬಂದ ಅಂಕೆಯನ್ನು ಹತ್ತರಿಂದ ಗುಣಿಸಿದರೆ ನಿಜಸ್ಥಿತಿ ತಿಳಿಯುತ್ತದೆ.

ಉಳಿದ ಕಾರಣಗಳು ಇಷ್ಟೇ ಸರಳವಾದುವು. ನಲ್ಲಿಯ ನೀರಿನ ಕ್ಲೋರಿನ್ ಸೂಕ್ಷ್ಮಜೀವಿಗಳನ್ನು ಕೊಲ್ಲುತ್ತದೆ. ಅದಕ್ಕಾಗಿಯೇ ಸ್ಪಂಜನ್ನು ತೊಟ್ಟಿಯಿಂದ ತೆಗೆದ ನೀರಿನಲ್ಲಿಯೇ ಅದ್ದಿ ಹಿಂಡಬೇಕು, ಹೊಸ ನೀರನ್ನು ಒಂದು ದಿನ ತೆರೆದಿಟ್ಟು ಅಥವಾ ಕ್ಲೋರಿನ್ ನಿವಾರಕ ಹಾಕಿ ಬಳಸಬೇಕು. ಲೀಟರಿಗೆ 5 ಮಿಲಿಗ್ರಾಮಿಗಿಂತ ಹೆಚ್ಚು ಅಮೋನಿಯ ಹಾಕಿದರೆ ಅದೇ ಒಂದು ಅಡ್ಡಿಯಾಗುತ್ತದೆ. ಪುಣೆ, ದೆಹಲಿಗಳ ಚಳಿಗಾಲದಲ್ಲಿ ಹೀಟರಿನ ನೆರವಿನಿಂದ ನೀರನ್ನು 27-28 ಡಿಗ್ರಿಯಲ್ಲಿಡಬೇಕು. ಈ ಜೀವಿಗಳಿಗೆ ಆಮ್ಲಜನಕ ಅತ್ಯವಶ್ಯ. ಕರೆಂಟು ಉಳಿಸಲೆಂದು ರಾತ್ರಿ ಫಿಲ್ಟರನ್ನು ನಿಲ್ಲಿಸುವವರು ಅವುಗಳ ಉಸಿರನ್ನೇ ಕಟ್ಟಿದಂತಾಗುತ್ತದೆ.

ಸೀಸೆಯೋ, ಅಳತೆಯೋ?

ಹೀಗಿರುವಲ್ಲಿ, ಚಕ್ರ ನಿಂತಿತೆಂದ ಕೂಡಲೇ ಅಂಗಡಿಗೆ ಓಡುವ ಪ್ರವೃತ್ತಿ ಖಂಡನೀಯ. ಸೀಸೆಯಲ್ಲಿ ಮಾರುವ ಬ್ಯಾಕ್ಟೀರಿಯಗಳಲ್ಲಿ ಕೆಲವು ನಿಜವಾಗಿಯೂ ಉಪಯುಕ್ತ, ಅದನ್ನು ಅಲ್ಲಗಳೆಯಬೇಕಾಗಿಲ್ಲ. ಆದರೆ ಪಿಎಚ್ 6ರಲ್ಲಿರುವ ನೀರಿಗೆ ಎಷ್ಟು ಸೀಸೆ ಸುರಿದರೂ ಫಲ ಒಂದೇ. ಕಾರಣವನ್ನು ಅರಿಯದೆ ಔಷಧಿ ಕೊಡುವ ವೈದ್ಯನನ್ನು ಯಾರೂ ಒಪ್ಪುವುದಿಲ್ಲ. ತೊಟ್ಟಿಯ ವಿಷಯದಲ್ಲಿ ಮಾತ್ರ ಎಲ್ಲರೂ ಅಂತಹ ವೈದ್ಯರೇ ಆಗುತ್ತಾರೆ. ಅಮೋನಿಯ, ನೈಟ್ರೈಟು, ನೈಟ್ರೇಟು, ಪಿಎಚ್ ಎಂಬ ನಾಲ್ಕು ಅಂಕೆಗಳನ್ನು ದಿನಾಂಕಸಹಿತ ಒಂದು ನೋಟುಪುಸ್ತಕದಲ್ಲಿ ಬರೆದಿಡುವುದು ಎಲ್ಲ ಸೀಸೆಗಳಿಗಿಂತ ಮೇಲಾದ ಚಿಕಿತ್ಸೆ. ನಲ್ಲಿಯ ನೀರನ್ನೂ ಮೊದಲ ದಿನವೇ ಪರೀಕ್ಷಿಸಬೇಕು. ಕೊಳವೆಬಾವಿಯ ನೀರಿನಲ್ಲಿ ಮೊದಲೇ ನೈಟ್ರೇಟು ಇದ್ದರೆ ಚಕ್ರ ಪೂರ್ಣವಾಯಿತೆಂಬ ಭ್ರಮೆ ಹುಟ್ಟೀತು.

ಎರಡು ಅಗ್ಗದ ಮೀನು ಬಿಟ್ಟು ನೋಡುವ ಸಲಹೆಯಂತೂ ಯಾವ ದೃಷ್ಟಿಯಿಂದಲೂ ಸಮರ್ಥನೀಯವಲ್ಲ. ನೈಟ್ರೈಟು ರಕ್ತದ ಹಿಮೋಗ್ಲೋಬಿನ್ನನ್ನು ಕೆಡಿಸಿ ಆಮ್ಲಜನಕ ಹೊರುವ ಶಕ್ತಿಯನ್ನು ಕುಂದಿಸುತ್ತದೆ. ಮೀನಿನ ರಕ್ತ ಕಂದುಬಣ್ಣಕ್ಕೆ ತಿರುಗಿ ಅದು ನೀರಿನಲ್ಲಿದ್ದೂ ಉಸಿರುಗಟ್ಟುತ್ತದೆ. ಅತಿಯಾದ ನೈಟ್ರೇಟಿರುವ ಬಾವಿಯ ನೀರಿನಲ್ಲಿ ಹಾಲು ಕಲಸಿ ಕುಡಿಸಿದಾಗ ಎಳೆಗೂಸುಗಳ ಮೈ ನೀಲಿಗಟ್ಟುವುದೂ ಇದೇ ಬಗೆಯ ರಕ್ತದ ಕೇಡಿನಿಂದ. ಕುಡಿಯುವ ನೀರಿನಲ್ಲಿ ನೈಟ್ರೇಟು ಲೀಟರಿಗೆ 45 ಮಿಲಿಗ್ರಾಂ ಮೀರಬಾರದೆಂದು ಭಾರತೀಯ ಮಾನಕ ವಿಧಿಸಿದೆ. ಶಿಶುವಿಗೆ ಸಲ್ಲದುದು ಅಗ್ಗದ ಮೀನಿಗೆ ಸಂದೀತೆ? ಬೆಲೆ ಕಡಿಮೆಯಾದ ಮಾತ್ರಕ್ಕೆ ಪ್ರಾಣ ಅಗ್ಗವಾಗುವುದಿಲ್ಲವೆಂಬ ಪಾಠವನ್ನು ಮಕ್ಕಳು ಕಲಿಯಬೇಕಾದುದು ಮನೆಯಲ್ಲಿಯೇ.

ಆರು ವಾರ ಕಾಯಲು ಮಕ್ಕಳು ಒಪ್ಪುವುದಿಲ್ಲವೆಂಬ ಆಕ್ಷೇಪಣೆ ಇದೆ. ಅಳತೆಯ ಕೆಲಸವನ್ನು ಮಕ್ಕಳಿಗೇ ವಹಿಸಿದರೆ ಆ ಆಕ್ಷೇಪಣೆ ಬಹುಮಟ್ಟಿಗೆ ಅಡಗುತ್ತದೆ. ಪರೀಕ್ಷೆಯ ದ್ರವಗಳು ಮಾತ್ರ ಹಿರಿಯರ ಕೈಯಲ್ಲಿರಲಿ. ಕಾಲವನ್ನು ಉಳಿಸುವ ನ್ಯಾಯವಾದ ಮಾರ್ಗವೂ ಒಂದುಂಟು: ಆರೋಗ್ಯವಂತ ಮೀನುಗಳಿರುವ, ಪರಿಚಿತರ ಹಳೆಯ ತೊಟ್ಟಿಯಿಂದ ಸ್ಪಂಜಿನ ತುಣುಕೊಂದನ್ನು ಒದ್ದೆಯಾಗಿಯೇ ತಂದು ಹೊಸ ಫಿಲ್ಟರಿನಲ್ಲಿಡುವುದು. ನೆರೆಮನೆಯ ಹೆಪ್ಪಿನಿಂದ ಈ ಮನೆಯ ಹಾಲು ಮೊಸರಾದಂತೆ ತೊಟ್ಟಿ ಬೇಗನೆ ಸಿದ್ಧವಾಗುತ್ತದೆ.

ಮನೆಯವರ ಆರೋಗ್ಯ

ಕೆಲವು ಎಚ್ಚರಿಕೆಗಳು ಅಗತ್ಯ. ಮೀನಿಲ್ಲದ ತೊಟ್ಟಿಯೆಂದರೆ ಸೊಳ್ಳೆಯ ಮರಿಗಳನ್ನು ತಿನ್ನುವವರಿಲ್ಲದ ತೊಟ್ಟಿ. ಡೆಂಗಿಯನ್ನು ಹರಡುವ ಈಡಿಸ್ ಸೊಳ್ಳೆಗೆ ಮನೆಯೊಳಗಿನ ನಿಂತ ನೀರು ಪ್ರಿಯ. ಆದುದರಿಂದ ಫಿಲ್ಟರು ನೀರಿನ ಮೇಲ್ಮೈಯನ್ನು ಸದಾ ಕದಡುತ್ತಿರಲಿ. ಸಣ್ಣ ಕಣ್ಣಿನ ಬಲೆಯಿಂದ ತೊಟ್ಟಿಯನ್ನು ಮುಚ್ಚಬೇಕು. ಅಮೋನಿಯದ ಪದಾರ್ಥಗಳನ್ನು ಮಕ್ಕಳ ಕೈಗೆ ಸಿಗದಂತೆ ಇಡಬೇಕು; ಬ್ಲೀಚಿನೊಡನೆ ಅವನ್ನು ಎಂದಿಗೂ ಬೆರೆಸಬಾರದು, ಅದರಿಂದ ಏಳುವ ಹೊಗೆ ಶ್ವಾಸಕೋಶಕ್ಕೆ ಅಪಾಯಕರ. ಕೈಯಲ್ಲಿ ಗಾಯವಿರುವಾಗ ತೊಟ್ಟಿಗೆ ಕೈಹಾಕಬಾರದು; ತೊಟ್ಟಿಯ ನೀರಿನಿಂದ ಹತ್ತುವ, ಬಹುದಿನ ಮಾಯದ ಚರ್ಮದ ಸೋಂಕೊಂದಿದೆ. ನಳಿಗೆಯಿಂದ ನೀರು ತೆಗೆಯುವಾಗ ಬಾಯಿಂದ ಎಳೆಯುವ ಅಭ್ಯಾಸವನ್ನು ಬಿಡಬೇಕು.

ಊರು ಬಿಟ್ಟು ಬಂದವರಿಗೆ ಹೊಸ ನಗರದಲ್ಲಿ ಬೇರೂರಲು ಎಷ್ಟು ಕಾಲ ಹಿಡಿಯುತ್ತದೆಂಬುದನ್ನು ಹೊರನಾಡ ಕನ್ನಡಿಗರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮೊದಲ ತಿಂಗಳುಗಳಲ್ಲಿ ಏನೂ ಆಗುತ್ತಿಲ್ಲವೆಂದೇ ತೋರುತ್ತಿತ್ತು. ಮೊದಲೇ ಬಂದು ನೆಲೆಸಿದ್ದವರ ಆಸರೆ ದೊರೆತಾಗ ಕಾಲು ಬೇಗನೆ ನೆಲ ಕಂಡಿತು. ಕಣ್ಣಿಗೆ ಕಾಣದ ಈ ಜೀವಿಗಳಿಗೂ ಅಷ್ಟು ಕಾಲವನ್ನು ಕೊಡುವ ಔದಾರ್ಯ ನಮ್ಮಲ್ಲಿರಲಿ. ಚಕ್ರ ನಿಂತಾಗ ಗಾಬರಿಗೊಳ್ಳದೆ ಪಿಎಚ್ ನೋಡಿ, ಒಂದು ಚಮಚ ಸೋಡ ಹಾಕಿ, ನೋಟುಪುಸ್ತಕದಲ್ಲಿ ಅಂಕೆ ಬರೆದು, ಇನ್ನೊಂದು ವಾರ ಕಾದವನ ತೊಟ್ಟಿಯಲ್ಲಿ ಮೀನುಗಳು ವರ್ಷಗಟ್ಟಲೆ ಬಾಳುತ್ತವೆ.