ಬೀಸಿದ್ದು ಗಳಿಗೆ ಹೊತ್ತು, ಅಲೆದಾಟ ತಿಂಗಳುಗಟ್ಟಲೆ

ಬದಿಯಡ್ಕ: ಮೇ ತಿಂಗಳ ಸಂಜೆ ಮೂಡು ದಿಕ್ಕಿನಲ್ಲಿ ಮೋಡ ಕಪ್ಪಿಟ್ಟಿತೆಂದರೆ ಕಾಸರಗೋಡಿನ ಕನ್ನಡ ಮನೆಗಳಲ್ಲಿ ಮೊದಲು ಆಗುವ ಕೆಲಸ ಅಂಗಳದ ಅಡಿಕೆ ರಾಶಿ ಮಾಡಿ ಮುಚ್ಚುವುದು. ಎರಡನೆಯದು ಮೊಬೈಲ್ ಚಾರ್ಜಿಗಿಡುವುದು. ಮೂರನೆಯದಕ್ಕೆ ಪುರುಸೊತ್ತಿಲ್ಲ. ಅಷ್ಟರಲ್ಲಿ ಗಾಳಿ ಬಂದಿರುತ್ತದೆ, ಕರೆಂಟ್ ಹೋಗಿರುತ್ತದೆ.

ಎಣ್ಮಕಜೆ, ಪುತ್ತಿಗೆ, ಬೆಳ್ಳೂರು, ಪೈವಳಿಕೆ ಕಡೆಯ ಮನೆಗಳು ಹೆಚ್ಚಾಗಿ ತೋಟದ ನಡುವೆ ಒಂಟಿಯಾಗಿವೆ. ಮಕ್ಕಳು ಮಂಗಳೂರು, ಬೆಂಗಳೂರಿನಲ್ಲಿ. ಮನೆಯಲ್ಲಿ ಉಳಿದವರು ವಯಸ್ಸಾದ ಇಬ್ಬರು. ಕರೆಂಟ್ ಇಲ್ಲದಿದ್ದರೆ ಪಂಪಿಲ್ಲ, ಎರಡನೇ ದಿನಕ್ಕೆ ಟ್ಯಾಂಕ್ ಖಾಲಿ. ದಾರಿಗಡ್ಡ ಮರ ಬಿದ್ದರೆ ಆಸ್ಪತ್ರೆಗೂ ಹೋಗುವಂತಿಲ್ಲ.

ಹೆಸರಿದ್ದ ಗಾಳಿ, ಹೆಸರಿಲ್ಲದ ಗಾಳಿ

2021ರ ಮೇ ತಿಂಗಳಲ್ಲಿ ಬಂದ ತೌಕ್ತೆ ಚಂಡಮಾರುತಕ್ಕೆ ಹೆಸರಿತ್ತು, ಮುನ್ನೆಚ್ಚರಿಕೆಯೂ ಇತ್ತು. ಆಗ ಕಡಲಬ್ಬರಕ್ಕೆ ಉಪ್ಪಳದ ಮುಸೋಡಿಯಲ್ಲಿ ಎರಡಂತಸ್ತಿನ ಮನೆ ಕುಸಿದದ್ದನ್ನು ದೇಶವೇ ನೋಡಿತು. ಆದರೆ ಮುಂಗಾರಿಗೆ ಮೊದಲು ಸಿಡಿಲಿನೊಂದಿಗೆ ನುಗ್ಗುವ ಗಾಳಿಗೆ ಹೆಸರಿಲ್ಲ. ಒಂದು ಗುಡ್ಡದ ಬುಡದಲ್ಲಿ ನೂರು ಮರ ಮುರಿದರೆ ಪಕ್ಕದ ಬೈಲಿನಲ್ಲಿ ಎಲೆಯೂ ಅಲುಗಿರುವುದಿಲ್ಲ.

ಗಾಳಿಯ ವೇಗ ಇಮ್ಮಡಿಯಾದರೆ ಅದರ ಒತ್ತಡ ನಾಲ್ಕು ಪಟ್ಟಾಗುತ್ತದೆ. ಹಳೆ ಹೆಂಚಿನ ಮಾಡಿನಲ್ಲಿ ನಾಲ್ಕು ಹೆಂಚು ಹಾರಿ ಗಾಳಿ ಹೊರಬೀಳುತ್ತದೆ. ಅಡಿಕೆ ಒಣಗಿಸಲು ಟೆರೇಸಿನ ಮೇಲೆ ಹಾಕಿಸಿದ ಶೀಟ್ ಹಾಗಲ್ಲ. ಕಂಬದ ಬುಡ ಗಟ್ಟಿ ಇಲ್ಲದಿದ್ದರೆ ಇಡೀ ಮಾಡೇ ಎದ್ದು ನೆರೆಮನೆಯ ಮೇಲೋ ವಿದ್ಯುತ್ ತಂತಿಯ ಮೇಲೋ ಬೀಳುತ್ತದೆ.

ಪರಿಹಾರ ಉಂಟೇ?

'ಗಾಳಿಗೆ ಎಂಥ ಪರಿಹಾರ ಮಾರಾಯ್ರೇ' ಎಂದು ಅರ್ಜಿಯನ್ನೇ ಕೊಡದವರು ಬಹಳ. ಅದು ತಪ್ಪು ತಿಳಿವಳಿಕೆ. 2022ರಿಂದ 2026ರ ವರೆಗಿನ ಕೇಂದ್ರದ ಮಾನದಂಡದ ಪಟ್ಟಿಯಲ್ಲಿ ಚಂಡಮಾರುತ ಇದೆ, ಬರೀ ಗಾಳಿ ಇಲ್ಲ ಎಂಬುದು ನಿಜ. ಆದರೆ ಕೇರಳ ಸರಕಾರ ಸಿಡಿಲು, ಕಡಲ್ಕೊರೆತದ ಜೊತೆಗೆ ಬಲವಾದ ಗಾಳಿಯನ್ನೂ ರಾಜ್ಯದ ದುರಂತಗಳ ಪಟ್ಟಿಗೆ ಸೇರಿಸಿದೆ. ರಾಜ್ಯ ವಿಪತ್ತು ನಿಧಿಯ ಶೇ. 10ರ ವರೆಗೆ ಇದಕ್ಕೆ ಬಳಸಬಹುದು.

ಮೊತ್ತ ಮಾತ್ರ ಸಣ್ಣದು. ಅದೇ ಮಾನದಂಡದಂತೆ ಬಯಲು ಪ್ರದೇಶದಲ್ಲಿ ಪೂರ್ತಿ ಹಾಳಾದ ಮನೆಗೆ 1.20 ಲಕ್ಷ ರೂ.; ಶೇ. 15ರಷ್ಟಾದರೂ ಹಾನಿಯಾದ ಪಕ್ಕಾ ಮನೆಗೆ 6,500 ರೂ. ಬಹುವಾರ್ಷಿಕ ಬೆಳೆಗೆ ಹೆಕ್ಟೇರಿಗೆ 22,500 ರೂ., ಅದೂ ಶೇ. 33ರಷ್ಟು ನಷ್ಟವಾದರೆ. ತೊಡಕಿರುವುದು ಇಲ್ಲೇ. 500 ಅಡಿಕೆ ಮರಗಳಲ್ಲಿ 40 ಮುರಿದರೆ ಶೇ. 8 ಮಾತ್ರ, ಲೆಕ್ಕಕ್ಕಿಲ್ಲ. ಹೊಸ ಸಸಿ ಫಲ ಕೊಡಲು ಐದಾರು ವರ್ಷ ಬೇಕು. ಹಾಗಾಗಿ ಕೃಷಿಭವನದ ಮೂಲಕ ಮಾಡಿಸುವ ರಾಜ್ಯ ಬೆಳೆ ವಿಮೆಯೇ ಸಣ್ಣ ಕೃಷಿಕರಿಗೆ ನಿಜವಾದ ಆಸರೆ. ಅದನ್ನು ಗಾಳಿ ಬರುವ ಮೊದಲೇ ಮಾಡಿಸಬೇಕು.

ಭಾಷೆಯ ಗೋಡೆ

ಕನ್ನಡ ಶಾಲೆಯಲ್ಲಿ ಕಲಿತ ಹಿರಿಯರಿಗೆ ಮಲಯಾಳದ ಅರ್ಜಿ ನಮೂನೆ ಕಂಡರೆ ಕೈ ನಡುಗುತ್ತದೆ. ಮಲಯಾಳದಲ್ಲಿ ಬರುವ ಎಚ್ಚರಿಕೆ ಸಂದೇಶವನ್ನು ಮೊಮ್ಮಕ್ಕಳು ಓದಿ ಹೇಳಬೇಕು. ಕುಂದುಕೊರತೆಯ ಮನವಿಯನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೇ ವಿಧಿ ಕೊಟ್ಟಿದೆ. ವಿಲೇಜ್ ಆಫೀಸಿಗೆ ಕನ್ನಡದಲ್ಲೇ ಬರೆದುಕೊಡಬಹುದು. ಜೊತೆಗೆ ಹಾನಿಯ ಫೋಟೋ, ಭೂತೆರಿಗೆ ರಶೀದಿ, ಬ್ಯಾಂಕ್ ಪಾಸ್‌ಬುಕ್ ಪ್ರತಿ ಇರಲಿ. ಫೋಟೋ ತೆಗೆಯುವ ಮೊದಲು ಬಿದ್ದ ಮರ ಕಡಿಯಬೇಡಿ.

ಗಾಳಿ ಎದ್ದಾಗ ಶೀಟಿನಡಿ ನಿಲ್ಲದೆ, ಮರಗಳಿಂದ ದೂರದ ಒಳಕೋಣೆಯಲ್ಲಿರುವುದು ಕ್ಷೇಮ. ತುಂಡಾದ ತಂತಿಯ ಹತ್ತಿರ ಹೋಗದೆ 1912ಕ್ಕೆ ತಿಳಿಸಬೇಕು. ಜನರೇಟರ್ ಇದ್ದವರು ಮೈನ್ ಸ್ವಿಚ್ ಆಫ್ ಮಾಡದೆ ಚಾಲೂ ಮಾಡಿದರೆ ಕಂಬ ಹತ್ತಿದ ಲೈನ್‌ಮ್ಯಾನ್ ಜೀವಕ್ಕೇ ಅಪಾಯ. ಜಿಲ್ಲಾ ತುರ್ತು ಕೇಂದ್ರದ ಸಂಖ್ಯೆ 1077.

ಗಾಳಿಯನ್ನು ತಡೆಯಲು ಯಾರಿಂದಲೂ ಆಗದು. ಎಚ್ಚರಿಕೆಯನ್ನು ಕನ್ನಡದಲ್ಲೂ ಕಳುಹಿಸುವುದು, ನಮೂನೆಯನ್ನು ಕನ್ನಡದಲ್ಲೂ ಅಚ್ಚು ಹಾಕಿಸುವುದು ಮಾತ್ರ ಆಗುವ ಕೆಲಸವೇ. ಮಳೆಗಾಲಕ್ಕೆ ಮುನ್ನ ನಡೆಯುವ ಗ್ರಾಮಸಭೆಗಳಲ್ಲಿ ಇದನ್ನು ಕೇಳಬೇಕಾದವರು ಊರವರೇ.