ಆನೆ ಕೊಂಡು ಅಂಕುಶಕ್ಕೆ ಚೌಕಾಸಿ

ಕಳೆದ ಮಳೆಗಾಲದ ಕೊನೆಯಲ್ಲಿ, ದೆಹಲಿಯ ನಮ್ಮ ಕಚೇರಿಯ ಆವರಣದಿಂದ ಇನ್ನೊಂದು ಆವರಣಕ್ಕೆ ಹುಲ್ಲು ಕತ್ತರಿಸುವ ಯಂತ್ರವೊಂದನ್ನು ಸಾಗಿಸಬೇಕಾಗಿತ್ತು. ಟ್ರ್ಯಾಕ್ಟರಿನಂತೆ ಮೇಲೆ ಕುಳಿತು ಓಡಿಸುವ, ಸುಮಾರು 300 ಕಿಲೋ ತೂಗುವ ಯಂತ್ರ. ಬಂದ ಟೆಂಪೋದ ತಳ ನೆಲದಿಂದ ಎರಡೂವರೆ ಅಡಿ ಎತ್ತರದಲ್ಲಿತ್ತು. ಗುತ್ತಿಗೆಯ ಮಾಲಿಗಳು ಎಲ್ಲಿಂದಲೋ 5 ಅಡಿ ಉದ್ದದ ಎರಡು ಹಲಗೆ ತಂದು ಆನಿಸಿದರು. ಒಬ್ಬ ಯಂತ್ರವೇರಿ ಕುಳಿತ. ಇಬ್ಬರು ಹಿಂದಿನಿಂದ ತಳ್ಳಿದರು. ಮುಂದಿನ ಚಕ್ರಗಳು ಟೆಂಪೋದ ಅಂಚು ಮುಟ್ಟುವಷ್ಟರಲ್ಲಿ ಎಡಗಡೆಯ ಹಲಗೆ ಜಾರಿತು. ತಳ್ಳುತ್ತಿದ್ದವರಲ್ಲಿ ಕಿರಿಯವನ ಪಾದದ ಮೂಳೆ ಮುರಿಯಿತು. ಆರು ವಾರ ಅವನು ಕೆಲಸಕ್ಕೆ ಬರಲಿಲ್ಲ.

ಕಡತದಲ್ಲಿ ಕಾರಣ ದಾಖಲಾಯಿತು: ಕೆಲಸಗಾರರ ಅಜಾಗರೂಕತೆ. ಈ ಮಾತನ್ನು ನಾನು ಒಪ್ಪಲಾರೆ. ಏಕೆಂದರೆ ಆ ಯಂತ್ರದ ಖರೀದಿಯ ಕಡತದಲ್ಲಿ, ರ‍್ಯಾಂಪ್ ಎಂಬ ಸಾಲಿನ ಎದುರು 'ಅನಗತ್ಯ ಪರಿಕರ' ಎಂದು ಟಿಪ್ಪಣಿ ಬರೆದವನು ನಾನೇ.

ಲೆಕ್ಕ ಬಹಳ ಸರಳವಾದುದು. ಎರಡೂವರೆ ಅಡಿ ಎತ್ತರಕ್ಕೆ 5 ಅಡಿಯ ಹಲಗೆ ಆನಿಸಿದರೆ ಇಳಿಜಾರು 30 ಡಿಗ್ರಿ. ಯಂತ್ರದ ಅರ್ಧ ತೂಕ, ಅಂದರೆ 150 ಕಿಲೋ, ಅದನ್ನು ಕೆಳಕ್ಕೆ ಎಳೆಯುತ್ತಿರುತ್ತದೆ. ಹಲಗೆ 10 ಅಡಿಯದಾದರೆ ಆ ಸೆಳೆತ 75 ಕಿಲೋಗೆ ಇಳಿಯುತ್ತದೆ. ಇಂಥ ಹಲವು ಯಂತ್ರಗಳ ಕೈಪಿಡಿಗಳು 15 ಡಿಗ್ರಿಗಿಂತ ಕಡಿದಾದ ಇಳಿಜಾರು ಬೇಡವೆನ್ನುವುದು ಇದಕ್ಕಾಗಿಯೇ. ಮೇಲಾಗಿ, ಎಂಜಿನ್ನಿನ ಬಲದಿಂದ ತಿರುಗುವ ಚಕ್ರ ತನ್ನ ಕೆಳಗಿನ ಹಲಗೆಯನ್ನು ಹಿಂದಕ್ಕೆ ನೂಕುತ್ತದೆ. ಆದ್ದರಿಂದ ರ‍್ಯಾಂಪನ್ನು ಸರಪಳಿಯಿಂದ ವಾಹನಕ್ಕೆ ಬಿಗಿಯಲೇಬೇಕು. ಟೆಂಪೋ ಸಮತಟ್ಟಾದ ಜಾಗದಲ್ಲಿ ನಿಂತು, ಅದರ ಚಕ್ರಗಳಿಗೆ ಅಡ್ಡಗಟ್ಟೆ ಬಿದ್ದಿರಬೇಕು. ಯಂತ್ರದ ಅಲಗುಗಳು ನಿಂತಿರಬೇಕು. ರ‍್ಯಾಂಪಿನ ನಡುವೆ ತಿರುವು ತೆಗೆದುಕೊಳ್ಳಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ಯಂತ್ರದ ಹಿಂದೆ ಯಾರೂ ನಿಲ್ಲಬಾರದು. ತಳ್ಳಿ ನೆರವಾಗುತ್ತೇವೆಂದು ನಿಂತವರೇ ಮೊದಲು ಅದರಡಿಗೆ ಸಿಕ್ಕುವವರು.

ಏರಿಸಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಎಂಜಿನ್ ಆರಿಸಿ, ಕೀಲಿ ತೆಗೆದು, ಕೈಬ್ರೇಕ್ ಹಾಕಿ, ಮುಂದೆರಡು ಹಿಂದೆರಡು ಪಟ್ಟಿಗಳಿಂದ ಚೌಕಟ್ಟಿನ ಗಟ್ಟಿ ಭಾಗಗಳನ್ನೇ ಹಿಡಿದು ಕಟ್ಟಬೇಕು. ಸಡಿಲವಾಗಿ ಕಟ್ಟಿದ ಯಂತ್ರ ಮೊದಲ ಬ್ರೇಕಿಗೇ ಮುಂದಕ್ಕೆ ನುಗ್ಗುತ್ತದೆ. ಸ್ವಲ್ಪ ದೂರ ಹೋದ ಮೇಲೆ ನಿಲ್ಲಿಸಿ ಬಿಗಿತವನ್ನು ಮತ್ತೊಮ್ಮೆ ಪರೀಕ್ಷಿಸುವುದು ವಿವೇಕ.

ಇದರಲ್ಲಿ ಯಾವುದೂ ಆ ಮಾಲಿಗಳ ಬುದ್ಧಿಗೆ ಮೀರಿದ್ದಲ್ಲ. ಅವರ ಕೈಗೆ ಸಿಕ್ಕದ್ದು. ಲಕ್ಷಗಟ್ಟಲೆ ಬೆಲೆಯ ಯಂತ್ರಕ್ಕೆ ಮಂಜೂರಾತಿ ಕೊಡುವ ನಾವು, ಅತಿ ಕಡಿಮೆ ದರದ ಹೆಸರಿನಲ್ಲಿ ಮೊದಲು ಕತ್ತರಿಸುವುದು ಕೆಳಗೆ ನಿಂತವನ ರಕ್ಷಣೆಗೆ ಬೇಕಾದ ಸಾಮಾನನ್ನೇ. ಆನೆ ಕೊಂಡು ಅಂಕುಶಕ್ಕೆ ಚೌಕಾಸಿ ಮಾಡಿದರೆ ಆನೆಯ ಕಾಲಡಿಗೆ ಸಿಕ್ಕುವವನು ಮಾವುತನೇ ಹೊರತು ಖರೀದಿಸಿದವನಲ್ಲ.

ನಮ್ಮ ಊರಿನಲ್ಲಿ ಎಮ್ಮೆಯನ್ನು ಲಾರಿಗೆ ಹತ್ತಿಸುವಾಗ ಹಿರಿಯರು ಹಲಗೆಯನ್ನು ಹುಡುಕುತ್ತಿರಲಿಲ್ಲ. ಲಾರಿಯನ್ನು ಹಿಂದಕ್ಕೆ ತಂದು ದಿಣ್ಣೆಗೆ ಒತ್ತಿ ನಿಲ್ಲಿಸುತ್ತಿದ್ದರು. ಎಮ್ಮೆ ತಾನಾಗಿ ನಡೆದು ಒಳಗೆ ಹೋಗುತ್ತಿತ್ತು. ಎತ್ತರವನ್ನು ಗೆಲ್ಲುವ ಬದಲು ಎತ್ತರವನ್ನೇ ಇಲ್ಲವಾಗಿಸುವ ಉಪಾಯ ಅದು. ಎಂ.ಎ. ಓದಿ ಕಡತಗಳ ನಡುವೆ ಇಪ್ಪತ್ತು ವರ್ಷ ಕಳೆದ ನನಗೆ ಅಂದು ಅದು ನೆನಪಾಗಲಿಲ್ಲ.

ಈಗ ಹೊಸ ಟಿಪ್ಪಣಿಯೊಂದನ್ನು ಮಂಡಿಸಿದ್ದೇನೆ: 10 ಅಡಿಯ ರ‍್ಯಾಂಪ್ ಒಂದು ಜೊತೆ, ಸರಪಳಿ ಸಹಿತ; ಬಿಗಿಯುವ ಪಟ್ಟಿ ನಾಲ್ಕು. ಕಡತ ಹಣಕಾಸು ವಿಭಾಗದಲ್ಲಿದೆ. ಅದು ಮರಳುವವರೆಗೆ ಟೆಂಪೋವನ್ನು ಹಿಂಬಾಗಿಲ ಬಳಿಯ ಮಣ್ಣಿನ ದಿಣ್ಣೆಗೆ ಒತ್ತಿಯೇ ನಿಲ್ಲಿಸಬೇಕೆಂದು ಮಾಲಿಗಳಿಗೆ ಹೇಳಿದ್ದೇನೆ.