ಕಪ್ಪೆಗಳ ಸಂಖ್ಯೆಯೂ ಕಪ್ಪೆಗಳ ಬಗೆಯೂ

ಮಳೆಗಾಲದ ರಾತ್ರಿ ಚಂದ್ರಬಂಡದ ಹೊಂಡಗಳಲ್ಲಿಯೂ ಮಾನ್ವಿಯ ಕಾಲುವೆಗದ್ದೆಗಳಲ್ಲಿಯೂ ಕಪ್ಪೆಗಳ ಕೂಗು ಕಿವಿಗಡಚಿಕ್ಕುತ್ತದೆ. ಇಷ್ಟೊಂದು ಕಪ್ಪೆಗಳಿರುವಾಗ ಅವುಗಳಿಗೆಂದು ಕಾಡಿನ ತುಣುಕುಗಳನ್ನು ಉಳಿಸುವುದೇಕೆ ಎಂದು ಕೇಳುವವರುಂಟು. ಸಂಖ್ಯೆ ಬೇರೆ, ಬಗೆ ಬೇರೆ ಎಂಬುದನ್ನು ಅವರು ಮರೆಯುತ್ತಾರೆ.

ಈ ಪ್ರಶ್ನೆ ಇಂದು ಬರಿಯ ಕುತೂಹಲದ್ದಲ್ಲ. ಎಣ್ಣೆತಾಳೆಯ ತೋಟಗಳನ್ನು ಹೆಚ್ಚಿಸಲು ಕೇಂದ್ರ ಸರ್ಕಾರವು 2021ರಲ್ಲಿ 11,040 ಕೋಟಿ ರೂಪಾಯಿಗಳ ಯೋಜನೆಯೊಂದಕ್ಕೆ ಒಪ್ಪಿಗೆಯಿತ್ತಿತು. ಅಡುಗೆಯೆಣ್ಣೆಯ ಬಹುಭಾಗವನ್ನು ಹೊರದೇಶಗಳಿಂದ ತರಿಸುವ ನಮಗೆ ಎಣ್ಣೆ ಬೇಕೆಂಬುದು ನಿಜ. ಆದರೆ ಬೋರ್ನಿಯೋ ದ್ವೀಪದ ಕಿನಾಬತಂಗನ್ ನದಿಯ ಬಯಲಿನ ಅನುಭವವನ್ನೂ ನೋಡಬೇಕು. ಅಲ್ಲಿ ತಾಳೆತೋಟಗಳ ನಡುವೆ ಕಾಡು ತುಣುಕುಗಳಾಗಿ ಉಳಿದಿದೆ. ತೋಟದೊಳಗೆ ಕಪ್ಪೆಗಳಿಲ್ಲವೆಂದಲ್ಲ, ಕಾಡಿಗಿಂತ ಅಲ್ಲಿ ಬಗೆಗಳು ಕಡಿಮೆ, ಇರುವವೂ ಬಹುಮಟ್ಟಿಗೆ ಬಯಲಿನಲ್ಲಿ ಬಾಳಬಲ್ಲ ಗಟ್ಟಿಜೀವಗಳು.

ಇದಕ್ಕೆ ಕಾರಣವನ್ನು ಭೌತಶಾಸ್ತ್ರವೇ ತಿಳಿಸುತ್ತದೆ. ಕಪ್ಪೆಯ ತೆಳುವಾದ ಚರ್ಮದ ಮೂಲಕ ನೀರೂ ಆಮ್ಲಜನಕವೂ ಸಾಗುತ್ತವೆ; ಆದುದರಿಂದ ಅದು ಒಣಗಕೂಡದು. ಬಿಸಿಲು, ಗಾಳಿ, ಶುಷ್ಕತೆಗಳು ಹೆಚ್ಚಿದಷ್ಟೂ ಬಾಷ್ಪೀಭವನವು ಹೆಚ್ಚುವುದು. ಹಲವು ಅಂತಸ್ತುಗಳ ಕಾಡಿನ ಮೇಲ್ಛಾವಣಿ ಮತ್ತು ನೆಲದ ತರಗೆಲೆ ಇವನ್ನು ತಡೆಯುತ್ತವೆ. ಸಾಲುಮರಗಳ ತೋಟ ಅಷ್ಟು ತಡೆಯಲಾರದು. ನಮ್ಮ ಉತ್ತರ ಕನ್ನಡದ ಕತ್ತಲೆಕಾನಿನ ಕುಂಬಾರ ಕಪ್ಪೆಯನ್ನು ನೋಡಿ. ಕೆ. ವಿ. ಗುರುರಾಜ ಮತ್ತು ಸಂಗಡಿಗರು 2014ರಲ್ಲಿ ಹೆಸರಿಸಿದ ಈ ಜಾತಿಯಲ್ಲಿ ಗಂಡು ತನ್ನ ಮುಂಗಾಲುಗಳಿಂದ ಕೆಸರೆತ್ತಿ ಮೊಟ್ಟೆಗಳಿಗೆ ಮೆತ್ತುತ್ತದೆ. ನೆರಳಿನ ತೊರೆ ಬತ್ತಿದರೆ ಈ ಕುಂಬಾರನಿಗೆ ಗದ್ದೆಯ ಹೊಂಡ ಆಸರೆಯಾಗದು.

ತುಣುಕಿನ ಗಾತ್ರವೂ ಮುಖ್ಯ. ಹೊರಗಿನ ಒಣಗಾಳಿ ಕಾಡಿನೊಳಕ್ಕೆ 100 ಮೀಟರ್ ನುಗ್ಗುವುದೆಂದು ಭಾವಿಸೋಣ. 1 ಕಿಲೋಮೀಟರ್ ಬದಿಯ ಚೌಕದಲ್ಲಿ ಶೇಕಡಾ 64 ಭಾಗ ತಂಪಾಗಿ ಉಳಿಯುತ್ತದೆ. 300 ಮೀಟರ್ ಬದಿಯ ಚೌಕದಲ್ಲಿ ಉಳಿಯುವುದು ಒಂಬತ್ತರಲ್ಲಿ ಒಂದು ಪಾಲು ಮಾತ್ರ!

ಆದುದರಿಂದ ಎಣ್ಣೆತಾಳೆಯನ್ನು ಈಗಾಗಲೇ ಸಾಗುವಳಿಯಲ್ಲಿರುವ ಭೂಮಿಯಲ್ಲಿಯೇ ಬೆಳೆಯುವುದು ಲೇಸು. ಉಳಿದಿರುವ ತುಣುಕುಗಳನ್ನು ಮತ್ತೆ ಸೀಳದೆ, ತೊರೆಯ ದಡದ ಮರಗಳಿಂದ ಒಂದಕ್ಕೊಂದು ಜೋಡಿಸಬೇಕು. ಕಾಫಿತೋಟಗಳ ನಡುವೆ ದೇವರಕಾಡುಗಳನ್ನು ಕಾಯ್ದ ಕೊಡಗಿನ ಹಿರಿಯರ ಮಾದರಿ ನಮ್ಮ ಕಣ್ಣೆದುರಿಗಿದೆ.

ವಿದ್ಯಾರ್ಥಿಮಿತ್ರರೇ, ಎರಡು ಉಷ್ಣತಾಮಾಪಕಗಳನ್ನು ತೆಗೆದುಕೊಂಡು ಒಂದರ ಬುಡಕ್ಕೆ ಒದ್ದೆಬಟ್ಟೆ ಸುತ್ತಿರಿ. ನಡುಹಗಲಿನಲ್ಲಿ ಬಯಲಿನಲ್ಲೊಮ್ಮೆ, ದಟ್ಟ ಮರಗಳ ನೆರಳಿನಲ್ಲೊಮ್ಮೆ ಅವನ್ನು ಓದಿರಿ. ಅಂಕಗಳ ಅಂತರ ಎಲ್ಲಿ ಹೆಚ್ಚೋ ಅಲ್ಲಿ ಕಾಡಿನ ಕಪ್ಪೆಗೆ ಬಾಳು ಕಷ್ಟವೆಂದು ತಿಳಿಯಿರಿ.